ಹಳೆ ಜೀಪಿಗೆ ಹೊಸ ಕ್ರಾಸ್: ಹೆಸರು ಬಿಡಿ, ಅಳತೆ ಹಿಡಿಯಿರಿ

ಕೊಡಚಾದ್ರಿಯ ಕಲ್ಲುಹಾದಿ, ಮಡಿಕೇರಿ ಬಳಿಯ ಮಾಂದಲ್‌ಪಟ್ಟಿಯ ಏರು, ಸಕಲೇಶಪುರ–ಚಿಕ್ಕಮಗಳೂರು ಸೀಮೆಯ ಕಾಫಿ ತೋಟಗಳೊಳಗಿನ ಕೆಸರುದಾರಿ. ಇಲ್ಲೆಲ್ಲ ಹಳೆಯ ಮಹೀಂದ್ರ ಜೀಪುಗಳು ಇವತ್ತಿಗೂ ದುಡಿಯುತ್ತಿವೆ. ಬಾಡಿಗೆ ತುಕ್ಕು ಹಿಡಿದಿರಬಹುದು, ಪೆಟ್ರೋಲ್ ಎಂಜಿನ್ ಹೋಗಿ ಡೀಸೆಲ್ ಬಂದು ಕೂತಿರಬಹುದು. ಆದರೂ ಫೋರ್‌ವೀಲ್ ಲಿವರ್ ಎಳೆದರೆ ಏರು ಹತ್ತಿಯೇ ಹತ್ತುತ್ತವೆ. ಇಂಥ ಗಾಡಿಯನ್ನು ರಿವರ್ಸ್‌ನಿಂದ ಫಸ್ಟ್ ಗೇರಿಗೆ ಹಾಕಿ ಕ್ಲಚ್ ಬಿಟ್ಟಾಗ ಅಡಿಯಿಂದ ‘ಟಕ್’ ಎಂದು ಸದ್ದು ಬಂದರೆ, ಪಳಗಿದ ಡ್ರೈವರ್‌ಗೆ ಕೂಡಲೇ ಅನುಮಾನ ಬರುವುದು ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಮೇಲೆ.

ಅನುಮಾನ ನಿಜವಾದರೆ ಮುಂದಿನ ಪ್ರಶ್ನೆ, ‘ಯಾವ ಕಂಪನಿಯದ್ದು ಹಾಕಿಸಲಿ?’ ನನ್ನ ಮಟ್ಟಿಗೆ ಅದು ಕೊನೆಯಲ್ಲಿ ಕೇಳಬೇಕಾದದ್ದು. ಅದಕ್ಕೂ ಮೊದಲು ಗೊತ್ತಾಗಬೇಕಾದ ಸಂಗತಿಗಳಿವೆ: ಹಳೆಯ ಕ್ರಾಸ್ ಯಾಕೆ ಹೋಯಿತು, ಶಾಫ್ಟಿನ ನಿಜವಾದ ಅಳತೆ ಎಷ್ಟು, ಅದು ಯಾವ ಕೋನದಲ್ಲಿ ತಿರುಗುತ್ತಿದೆ, ಗಾಡಿಗೆ ಗ್ರೀಸ್ ಹೊಡೆಯುವವರು ಯಾರು. ಇವಕ್ಕೆ ಉತ್ತರ ಸಿಕ್ಕಿದ ಮೇಲೆ ಯಾವುದೇ ಒಳ್ಳೆಯ ತಯಾರಕರ ಕ್ರಾಸ್ ವರ್ಷಗಟ್ಟಲೆ ಬಾಳುತ್ತದೆ. ಉತ್ತರ ಇಲ್ಲದೆ ಹಾಕಿದರೆ ಎಷ್ಟು ದುಬಾರಿಯದ್ದಾದರೂ ಒಂದು ಮಳೆಗಾಲ ದಾಟುವುದು ಕಷ್ಟ.

ಅಂಗೈಯಗಲದ ಉಕ್ಕು, ಜೀಪನ್ನು ಮೀರಿದ ಭಾರ

ಜೀಪಿನ ಟ್ರಾನ್ಸ್‌ಫರ್ ಕೇಸ್ ಚಾಸಿಗೆ ಬಿಗಿದು ಕೂತಿರುತ್ತದೆ. ಆಕ್ಸಲ್ ಇರುವ ಹೌಸಿಂಗ್ ಮಾತ್ರ ಕಮಾನು ಪಟ್ಟಿಗಳ ಮೇಲೆ ಏರುತ್ತ ಇಳಿಯುತ್ತ ಇರುತ್ತದೆ. ಒಂದು ಸ್ಥಿರ, ಇನ್ನೊಂದು ಚಲ. ಇವೆರಡರ ನಡುವೆ ತಿರುಗುವ ಬಲವನ್ನು ದಾಟಿಸುವುದು ಪ್ರೊಪೆಲ್ಲರ್ ಶಾಫ್ಟ್. ಆ ಶಾಫ್ಟ್ ಬಾಗುತ್ತಲೇ ತಿರುಗಲು ಎರಡು ತುದಿಯಲ್ಲೂ ಒಂದೊಂದು ಯೂನಿವರ್ಸಲ್ ಜಾಯಿಂಟ್ ಬೇಕು. ಅದರ ಎರಡು ಕವಲುಗಳ, ಅಂದರೆ ಯೋಕುಗಳ, ನಡುವಿನ ನಾಲ್ಕು ಕೈಗಳ ಉಕ್ಕಿನ ತುಂಡೇ ಕ್ರಾಸ್. ನಾಲ್ಕು ಕೈಗೂ ಒಂದೊಂದು ಕಪ್, ಕಪ್ಪಿನೊಳಗೆ ಸುತ್ತಲೂ ಸೂಜಿಯಂಥ ಸಣ್ಣ ರೋಲರುಗಳು, ಬಾಯಲ್ಲಿ ರಬ್ಬರ್ ಸೀಲು, ಕಪ್ ಹೊರಬಾರದಂತೆ ಲಾಕು. ಇಷ್ಟೇ ಇದರ ರಚನೆ.

ಈ ಕೀಲಿನ ಕಲ್ಪನೆ ಹಳೆಯದು. ಯುರೋಪಿನಲ್ಲಿ ಇದಕ್ಕೆ ಅಂಟಿಕೊಂಡಿರುವುದು 16ನೇ ಶತಮಾನದ ಇಟಲಿಯ ವಿದ್ವಾಂಸ ಗಿರೊಲಾಮೊ ಕಾರ್ಡಾನೊನ ಹೆಸರು. 17ನೇ ಶತಮಾನದಲ್ಲಿ ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ ಇದನ್ನು ಖಗೋಳ ಉಪಕರಣಗಳಿಗೆ ಅಳವಡಿಸುವ ಬಗ್ಗೆ ಬರೆದ. ಕಾರಿಗೆ ಇದು ಒಗ್ಗಿದ್ದು ಅಮೆರಿಕದ ಕ್ಲಾರೆನ್ಸ್ ಸ್ಪೈಸರ್‌ನಿಂದ. ಚೈನು–ಸ್ಪ್ರಾಕೆಟ್ಟುಗಳಿಂದ ಚಕ್ರ ತಿರುಗಿಸುತ್ತಿದ್ದ ಕಾಲದಲ್ಲಿ ಆತ ಧೂಳು ಹೊಗದ, ಗ್ರೀಸ್ ಸೋರದ ಯೂನಿವರ್ಸಲ್ ಜಾಯಿಂಟ್‌ಗೆ 1903ರಲ್ಲಿ ಪೇಟೆಂಟ್ ಪಡೆದ. ಮರುವರ್ಷ ನ್ಯೂಜೆರ್ಸಿಯ ಪ್ಲೇನ್‌ಫೀಲ್ಡ್‌ನಲ್ಲಿ ತಯಾರಿಕೆ ಆರಂಭಿಸಿದ. ಆ ಕಂಪನಿಯೇ ಮುಂದೆ ಡಾನಾ ಆಯಿತು. ಬಿಡಿಭಾಗದ ಅಂಗಡಿಗಳಲ್ಲಿ ಕೇಳಿಬರುವ 1310, 1330, 1350 ಎಂಬ ಸರಣಿ ಸಂಖ್ಯೆಗಳು ಸ್ಪೈಸರ್ ಪರಂಪರೆಯವೇ.

ಈ ತುಂಡಿನ ಮೇಲೆ ಬೀಳುವ ಭಾರವನ್ನು ಲೆಕ್ಕ ಹಾಕಿ ನೋಡಬಹುದು. ಮಹೀಂದ್ರ ಭಾರತದಲ್ಲಿ ತಯಾರಿಸಿದ ಸಿಜೆ 3ಬಿ ಜೀಪಿನ ಹರಿಕೇನ್ ಪೆಟ್ರೋಲ್ ಎಂಜಿನ್ನಿನ ಟಾರ್ಕ್ ಸುಮಾರು 154 ನ್ಯೂಟನ್ ಮೀಟರ್. ಮೊದಲ ಗೇರು ಅದನ್ನು 2.8 ಪಟ್ಟು ಮಾಡುತ್ತದೆ. ಲೋ ಹಾಕಿದರೆ ಟ್ರಾನ್ಸ್‌ಫರ್ ಕೇಸ್ ಮತ್ತೆ ಸುಮಾರು 2.4 ಪಟ್ಟು ಹೆಚ್ಚಿಸುತ್ತದೆ. ಒಟ್ಟು ಸಾವಿರ ನ್ಯೂಟನ್ ಮೀಟರ್ ದಾಟಿತು. ಸಮ ನೆಲದಲ್ಲಿ ಇದು ಹಿಂದಿನ, ಮುಂದಿನ ಶಾಫ್ಟುಗಳಿಗೆ ಹಂಚಿಹೋಗುತ್ತದೆ. ಮುಂದಿನ ಚಕ್ರ ಹೊಂಡದ ಮೇಲೆ ಗಾಳಿಯಲ್ಲಿದ್ದರೆ ಬಹುಪಾಲು ಹಿಂದಿನ ಶಾಫ್ಟಿನ ಮೇಲೇ ಬೀಳುತ್ತದೆ. ಆಗ ಕ್ರಾಸಿನ ಒಂದೊಂದು ಕೈ ತಡೆಯಬೇಕಾದ ಒತ್ತಡ ಒಂದೂವರೆ ಟನ್ನಿನ ಆಸುಪಾಸು. ಸಿಜೆ 3ಬಿಯ ಖಾಲಿ ತೂಕವೇ ಸುಮಾರು ಒಂದು ಟನ್. ಅಂದರೆ ಇಡೀ ಜೀಪನ್ನು ಮೀರಿದ ಭಾರ ಬೆರಳು ಗಾತ್ರದ ಒಂದು ಕೈಯ ಮೇಲೆ!

ಬಿಚ್ಚಿದ ಕ್ರಾಸ್ ಬಿಸಾಡಬೇಡಿ

ಹೊಸದನ್ನು ತರುವ ಮುನ್ನ ಹಳೆಯದನ್ನು ಓದಬೇಕು. ಸೀಮೆಎಣ್ಣೆಯಲ್ಲೋ ಡೀಸೆಲ್‌ನಲ್ಲೋ ತೊಳೆದು ಬೆಳಕಿಗೆ ಹಿಡಿಯಿರಿ. ಕಪ್ಪಿನೊಳಗೆ ಇಟ್ಟಿಗೆ ಬಣ್ಣದ ಒಣಪುಡಿ ಇದ್ದರೆ ಅದು ಗ್ರೀಸ್ ಕಾಣದೆ, ಸೀಲು ದಾಟಿ ನೀರು ಹೊಕ್ಕು ಸತ್ತದ್ದು. ಕೈಗಳ ಮೇಲೆ ಉದ್ದುದ್ದ ಗೆರೆಗಳು ಕೊರೆದು, ಉಗುರು ಎಳೆದರೆ ತಟತಟ ಸಿಕ್ಕಿಕೊಳ್ಳುತ್ತಿದ್ದರೆ ಸೂಜಿಗಳು ಒಂದೇ ಜಾಗವನ್ನು ಗುದ್ದಿ ಗುದ್ದಿ ತಗ್ಗು ಮಾಡಿವೆ ಎಂದರ್ಥ. ಅತಿಯಾದ ಭಾರದಿಂದ ಹೀಗಾಗುತ್ತದೆ. ಶಾಫ್ಟ್ ಚೂರೂ ಬಾಗದೆ ನೇರವಾಗಿ ತಿರುಗುತ್ತಿದ್ದರೂ ಹೀಗಾಗುತ್ತದೆ. ಸೂಜಿಗಳು ಉರುಳಿದರಷ್ಟೇ ಗ್ರೀಸ್ ಹರಡಲು ಸಾಧ್ಯ, ಉರುಳಬೇಕಾದರೆ ಅರ್ಧದಿಂದ ಒಂದು ಡಿಗ್ರಿಯಷ್ಟಾದರೂ ಕೋನ ಬೇಕು.

ಎದುರುಬದುರಿನ ಎರಡೇ ಕಪ್ಪುಗಳು ಸವೆದು ಉಳಿದೆರಡು ಚೆನ್ನಾಗಿದ್ದರೆ ಆ ಎರಡಕ್ಕೆ ಗ್ರೀಸ್ ತಲುಪಿಲ್ಲ, ಇಲ್ಲವೇ ಅವು ಕೂತಿದ್ದ ಯೋಕ್ ಸೊಟ್ಟಗಿದೆ. ಕೈ ಬುಡದಲ್ಲೇ ಮುರಿದು, ಮುರಿದ ಮುಖ ಪೂರ್ತಿ ಹೊಸ ಉಕ್ಕಿನಂತೆ ಬೂದುಬಣ್ಣದಲ್ಲಿದ್ದರೆ ಒಂದೇ ಏಟಿಗೆ ಹೋದದ್ದು. ಸಿಕ್ಕಿಬಿದ್ದ ಚಕ್ರಕ್ಕೆ ಒಮ್ಮೆಲೇ ಹಿಡಿತ ಸಿಕ್ಕಾಗ ಹೀಗೆ ಆಗುವುದುಂಟು. ಮುರಿದ ಮುಖದ ಒಂದು ಭಾಗ ನುಣುಪಾಗಿ ಕಪ್ಪಿಟ್ಟಿದ್ದರೆ ಬಿರುಕು ಬಹಳ ಹಿಂದೆಯೇ ಶುರುವಾಗಿತ್ತು. ಈ ಒಂದೊಂದು ಸಾವಿಗೂ ಮದ್ದು ಬೇರೆ. ಗ್ರೀಸಿಲ್ಲದೆ ಸತ್ತದ್ದಕ್ಕೆ ದಪ್ಪ ಕ್ರಾಸ್ ಹಾಕಿ ಪ್ರಯೋಜನವಿಲ್ಲ, ಕೋನ ಕೆಟ್ಟು ಸತ್ತದ್ದಕ್ಕೆ ಗ್ರೀಸ್ ಹೊಡೆದು ಪ್ರಯೋಜನವಿಲ್ಲ.

ಗಾಡಿಯ ಹೆಸರು ನಂಬಬೇಡಿ

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಾಗಲಿ, ಹಾಸನದ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಾಗಲಿ ಕೌಂಟರಿನವರು ಮೊದಲು ಕೇಳುವುದು, ‘ಗಾಡಿ ಯಾವ್ದು ಸಾರ್?’ ಹೊಸ ಕಾರಿಗೆ ಸರಿಯಾದ ಪ್ರಶ್ನೆಯೇ. ಹಳೆ ಜೀಪಿನ ವಿಷಯದಲ್ಲಿ ಅದರ ಉತ್ತರದಿಂದ ಹೆಚ್ಚೇನೂ ತಿಳಿಯುವುದಿಲ್ಲ. ಆರ್‌ಸಿ ಪುಸ್ತಕದಲ್ಲಿ ಎಂಎಂ 540 ಎಂದಿದ್ದರೂ ಅಡಿಯಲ್ಲಿ ಇನ್ನೊಂದು ಗಾಡಿಯ ಹೌಸಿಂಗ್ ಇರಬಹುದು. ಸರ್ಕಾರಿ ಹರಾಜಿನಲ್ಲಿ ಬಂದು, ನಾಲ್ಕಾರು ಕೈ ಬದಲಾಗಿ, ಗ್ಯಾರೇಜಿನಿಂದ ಗ್ಯಾರೇಜಿಗೆ ತಿರುಗಿದ ಗಾಡಿಯಲ್ಲಿ ಗೇರ್‌ಬಾಕ್ಸ್, ಶಾಫ್ಟು, ಯೋಕು ಒಂದೊಂದೂ ಒಂದೊಂದು ಕಡೆಯಿಂದ ಬಂದು ಸೇರಿರುತ್ತವೆ. ಮುಂದಿನ ಶಾಫ್ಟಿನ ಕ್ರಾಸ್ ಒಂದು ಅಳತೆ, ಹಿಂದಿನದು ಇನ್ನೊಂದು ಅಳತೆ ಇದ್ದರೂ ಆಶ್ಚರ್ಯವಿಲ್ಲ.

ಆದ್ದರಿಂದ ವರ್ನಿಯರ್ ಕ್ಯಾಲಿಪರ್ ಹಿಡಿಯಿರಿ. ಅಳೆಯಬೇಕಾದ್ದು ಎರಡು: ಕಪ್ಪಿನ ಹೊರವ್ಯಾಸ ಮತ್ತು ಕ್ರಾಸಿನ ಉದ್ದ. ಲಾಕು ಯೋಕಿನ ತೋಡಿನಲ್ಲಿ, ಅಂದರೆ ಕಪ್ಪಿನ ಹೊರಮೈಗೆ ಕೂರುವಂತಿದ್ದರೆ, ಒಂದು ಕಪ್ಪಿನ ತಲೆಯಿಂದ ಎದುರು ಕಪ್ಪಿನ ತಲೆಯವರೆಗಿನದು ಉದ್ದ. ಲಾಕಿನ ತೋಡು ಕಪ್ಪಿನ ಮೈಮೇಲೇ ಇದ್ದು, ಲಾಕು ಯೋಕಿನ ಒಳಬದಿಗೆ ಒತ್ತಿ ಕೂರುವಂತಿದ್ದರೆ, ಎದುರುಬದುರು ತೋಡುಗಳ ನಡುವಿನ ಅಂತರವನ್ನು ಅಳೆಯಬೇಕು. ಸವೆದ ಕ್ರಾಸಿಗಿಂತ ಯೋಕನ್ನೇ ಅಳೆಯುವುದು ಇನ್ನೂ ನಂಬಿಕೆಯ ದಾರಿ.

ಎರಡೂ ಅಳತೆ ಏಕೆ ಬೇಕೆಂಬುದಕ್ಕೆ ಸ್ಪೈಸರ್ ಸರಣಿಗಳೇ ಸಾಕ್ಷಿ. 1310ರ ಕಪ್ಪು 27 ಮಿ.ಮೀ., ಉದ್ದ 81.8 ಮಿ.ಮೀ. 1330ರ ಕಪ್ಪೂ 27 ಮಿ.ಮೀ., ಉದ್ದ ಮಾತ್ರ 92.1. 1350ರ ಉದ್ದ ಅದೇ 92.1, ಕಪ್ಪು 30.2. ಕಪ್ಪು ಮಾತ್ರ ನೋಡಿ ತಂದವರಿಗೆ 1310 ಮತ್ತು 1330 ಒಂದೇ ಎನಿಸುತ್ತದೆ, ಉದ್ದ ಮಾತ್ರ ನೋಡಿದವರಿಗೆ 1330 ಮತ್ತು 1350 ಒಂದೇ ಎನಿಸುತ್ತದೆ. ಶಾಫ್ಟಿನ ಯೋಕ್ ಒಂದು ಸರಣಿಯದ್ದಾಗಿ ಹೌಸಿಂಗಿನ ಯೋಕ್ ಇನ್ನೊಂದರದ್ದಾಗಿದ್ದರೆ, ಎರಡು ಜೋಡಿ ಕೈಗಳ ಅಳತೆ ಬೇರೆಬೇರೆ ಇರುವ ಮಿಶ್ರ ಕ್ರಾಸ್‌ಗಳೂ ಸಿಗುತ್ತವೆ. ಹಾಗಾಗಿ ಎರಡೂ ಜೋಡಿಯನ್ನು ಬೇರೆಬೇರೆಯಾಗಿ ಅಳೆಯಿರಿ.

ಯೋಕಿನ ತೂತು ಸವೆದು ಕಪ್ಪು ಬೆರಳಲ್ಲೇ ಒಳಹೋಗುತ್ತಿದ್ದರೆ ಯಾವ ಹೊಸ ಕ್ರಾಸೂ ಅಲ್ಲಿ ನಿಲ್ಲುವುದಿಲ್ಲ. ತೂತಿನ ಸುತ್ತ ಪಂಚ್ ಹೊಡೆದು ಬಿಗಿ ಮಾಡುವುದು, ಕಪ್ಪಿಗೇ ವೆಲ್ಡಿಂಗ್ ಚುಕ್ಕಿ ಇಡುವುದು ನಮ್ಮ ಕಡೆ ರೂಢಿಯಲ್ಲಿದೆ. ವೆಲ್ಡಿಂಗಿನ ಶಾಖಕ್ಕೆ ಕಪ್ಪಿನ ಉಕ್ಕಿನ ಹದ ಹೋಗುತ್ತದೆ, ಸೀಲು ಸುಡುತ್ತದೆ, ಗ್ರೀಸ್ ಕರಗಿ ಹರಿಯುತ್ತದೆ. ದಯವಿಟ್ಟು ಆ ಕೆಲಸ ಮಾಡಿಸಬೇಡಿ. ಯೋಕ್ ಬದಲಿಸಿ.

ಏಳು ಡಿಗ್ರಿಯ ಲೆಕ್ಕ

ಕ್ರಾಸಿಗೆ ಹುಟ್ಟಿನಿಂದಲೇ ಬಂದ ಒಂದು ಗುಣವಿದೆ. ಬಾಗಿದ ಜಾಯಿಂಟಿಗೆ ಒಂದು ಕಡೆಯಿಂದ ಏಕರೀತಿಯ ವೇಗ ಕೊಟ್ಟರೆ ಇನ್ನೊಂದು ಕಡೆ ಅದು ಏಕರೀತಿಯಾಗಿ ಹೊರಬರುವುದಿಲ್ಲ. ಪ್ರತಿ ಸುತ್ತಿನಲ್ಲಿ ಎರಡು ಸಲ ಮುನ್ನುಗ್ಗಿ ಎರಡು ಸಲ ಹಿಂದೆ ಬೀಳುತ್ತದೆ. 10 ಡಿಗ್ರಿ ಬಾಗಿದ್ದರೆ ಈ ಏರಿಳಿತ ಶೇ 1.5ರಷ್ಟು. 20 ಡಿಗ್ರಿಗೆ ಶೇ 6ರ ಆಸುಪಾಸು. 30 ಡಿಗ್ರಿಗೆ ಹೋದರೆ ಒಂದು ಕಡೆ ಶೇ 13, ಇನ್ನೊಂದು ಕಡೆ ಶೇ 15. ಕೋನ ಎರಡರಷ್ಟಾದರೆ ಕಂಪನ ನಾಲ್ಕರಷ್ಟಾಗುತ್ತದೆ ಎಂದು ನೆನಪಿಟ್ಟರೆ ಸಾಕು. ಶಾಫ್ಟಿನ ಇನ್ನೊಂದು ತುದಿಯ ಕ್ರಾಸ್ ಈ ಏರಿಳಿತವನ್ನು ರದ್ದು ಮಾಡುತ್ತದೆ. ಆದರೆ ಅದಕ್ಕೆ ಎರಡು ಷರತ್ತು: ಶಾಫ್ಟಿನ ಎರಡೂ ತುದಿಯ ಯೋಕುಗಳು ಒಂದೇ ಸಾಲಿನಲ್ಲಿರಬೇಕು, ಎರಡೂ ತುದಿಯ ಕೋನ ಸಮನಾಗಿರಬೇಕು. ರದ್ದಾದರೂ ನಡುವಿನ ಶಾಫ್ಟ್ ಮಾತ್ರ ಜಗ್ಗಾಡುತ್ತಲೇ ತಿರುಗುತ್ತದೆ. ಅದಕ್ಕಾಗಿ ವೇಗ ಹೆಚ್ಚಿದಂತೆ ಕೋನದ ಮಿತಿ ಕಡಿಮೆಯಾಗುತ್ತ ಹೋಗುತ್ತದೆ.

ಸ್ಪೈಸರ್ ಕೊಡುವ ಪಟ್ಟಿಯ ಪ್ರಕಾರ ಶಾಫ್ಟ್ ನಿಮಿಷಕ್ಕೆ 1500 ಸುತ್ತು ತಿರುಗುವಾಗ ಹನ್ನೊಂದೂವರೆ ಡಿಗ್ರಿವರೆಗೆ ಸಹ್ಯ. 2000ಕ್ಕೆ ಎಂಟೂಮುಕ್ಕಾಲಿಗೆ ಸ್ವಲ್ಪ ಕಡಿಮೆ, 3000ಕ್ಕೆ ಆರರೊಳಗೆ. ಹಳೆ ಸಿಜೆ ಜೀಪಿನ ಹೌಸಿಂಗಿನ ರೇಷಿಯೋ 5.38. ಚಕ್ರ ಒಂದು ಸುತ್ತು ಬರಲು ಶಾಫ್ಟ್ ಐದೂಕಾಲು ಸುತ್ತಿಗಿಂತ ಹೆಚ್ಚು ತಿರುಗಬೇಕು. 6.00–16ರ ಟೈರಿನಲ್ಲಿ 60 ಕಿ.ಮೀ. ವೇಗದಲ್ಲಿ ಹೋಗುವಾಗ ಶಾಫ್ಟ್ ನಿಮಿಷಕ್ಕೆ ಸುಮಾರು 2400 ಸುತ್ತು. ಆ ವೇಗಕ್ಕೆ ನಮ್ಮ ಮಿತಿ ಹೆಚ್ಚುಕಡಿಮೆ ಏಳು ಡಿಗ್ರಿ. ಏರಿನಲ್ಲಿ ಹತ್ತು ಕಿ.ಮೀ. ವೇಗದಲ್ಲಿ ತೆವಳುವಾಗ ಅದೇ ಶಾಫ್ಟ್ 400 ಸುತ್ತಷ್ಟೇ, ಕೋನ ಅದಕ್ಕಿಂತ ಎಷ್ಟೋ ಹೆಚ್ಚಿದ್ದರೂ ತೊಂದರೆಯಿಲ್ಲ. ಕಾಡುದಾರಿಯಲ್ಲಿ ಸುಮ್ಮನಿದ್ದ ಗಾಡಿ ಹೆದ್ದಾರಿಗೆ ಬಂದೊಡನೆ ನಡುಗುವುದಕ್ಕೆ ಇದೇ ಕಾರಣ.

ಈಗ ಗಾಡಿ ಎತ್ತರಿಸುವ ಆಸೆಯ ವಿಷಯ. ಉದ್ದದ ಶ್ಯಾಕಲ್ ಹಾಕಿಯೋ ಕಮಾನು ಪಟ್ಟಿ ಬದಲಿಸಿಯೋ ಜೀಪನ್ನು ಮೂರು ಇಂಚು, ಅಂದರೆ ಏಳೂವರೆ ಸೆಂ.ಮೀ. ಎತ್ತಿದಿರಿ ಎನ್ನಿ. ಶಾಫ್ಟ್ ಒಂದು ಮೀಟರ್ ಉದ್ದವಿದ್ದರೆ ಕೋನ ಹೆಚ್ಚುವುದು ನಾಲ್ಕು ಡಿಗ್ರಿ ಚಿಲ್ಲರೆ. ಗಿಡ್ಡ ಚಾಸಿಯ ಜೀಪಿನಲ್ಲಿ ಶಾಫ್ಟ್ ಅರ್ಧ ಮೀಟರಿನದ್ದಾದರೆ ಎಂಟೂವರೆ! ನಮ್ಮ ಏಳು ಡಿಗ್ರಿಯೆಲ್ಲ ಎತ್ತರಿಸುವುದರಲ್ಲೇ ಮುಗಿದುಹೋಯಿತು. ಇಂಥ ಗಾಡಿ ಕ್ರಾಸ್ ತಿನ್ನುತ್ತಿದೆ ಎಂದು ಕ್ರಾಸಿನ ಕಂಪನಿ ಬದಲಿಸುತ್ತ ಹೋದರೆ ಹಣ ಹೋಗುತ್ತದೆ, ರೋಗ ಉಳಿಯುತ್ತದೆ. ಮೊದಲು ಕೋನ ಅಳೆಯಿರಿ. ಮೊಬೈಲಿನ ಕೋನಮಾಪಕ ಆ್ಯಪ್ ಸಾಕು: ಟ್ರಾನ್ಸ್‌ಫರ್ ಕೇಸಿನ ಯೋಕ್, ಶಾಫ್ಟ್, ಹೌಸಿಂಗಿನ ಯೋಕ್, ಈ ಮೂರರ ಓರೆಯನ್ನು ಬರೆದುಕೊಂಡು ಕಳೆಯಿರಿ. ಎರಡು ತುದಿಯ ವ್ಯತ್ಯಾಸ ಒಂದು ಡಿಗ್ರಿಯನ್ನು ಮೀರಿದ್ದರೆ ಕಮಾನು ಪಟ್ಟಿ ಮತ್ತು ಹೌಸಿಂಗ್ ನಡುವೆ ಓರೆ ಪ್ಲೇಟ್ ಕೊಟ್ಟು ಸರಿಪಡಿಸಬಹುದು. ಗೇರ್‌ಬಾಕ್ಸಿನ ರಬ್ಬರ್ ಕುಸಿದಿದ್ದರೂ ಪಟ್ಟಿಯ ಸೆಂಟರ್ ಬೋಲ್ಟ್ ತುಂಡಾಗಿದ್ದರೂ ಕೋನ ಕೆಡುತ್ತದೆ. ಕೋನ ಇಳಿಸಲು ಸಾಧ್ಯವೇ ಇಲ್ಲ ಎಂದಾದರೆ ಟ್ರಾನ್ಸ್‌ಫರ್ ಕೇಸಿನ ತುದಿಗೆ ಎರಡು ಕ್ರಾಸ್ ಒಟ್ಟಿಗಿರುವ ಡಬಲ್ ಕಾರ್ಡನ್ ಜಾಯಿಂಟಿನ ಶಾಫ್ಟ್ ಬೇಕಾಗುತ್ತದೆ. ಆಗ ಹೌಸಿಂಗಿನ ಮೂತಿ ನೇರವಾಗಿ ಟ್ರಾನ್ಸ್‌ಫರ್ ಕೇಸಿನ ಕಡೆಗೇ ತಿರುಗಿರಬೇಕು.

ನಿಪ್ಪಲ್ ಇರಬೇಕೇ, ಬೇಡವೇ?

ಗ್ರೀಸ್ ಹೊಡೆಯಲು ನಿಪ್ಪಲ್ ಇರುವ ಕ್ರಾಸಿನ ಮೈಯಲ್ಲಿ ಗ್ರೀಸ್ ಹರಿಯಲು ತೂತು ಕೊರೆದಿರುತ್ತಾರೆ. ನಿಪ್ಪಲ್ ಇಲ್ಲದ್ದು ಗಟ್ಟಿ ಮೈಯದು, ಗ್ರೀಸ್ ತುಂಬಿ ಸೀಲು ಮಾಡಿಯೇ ಬರುತ್ತದೆ. ಒಂದೇ ಅಳತೆ, ಒಂದೇ ಗುಣಮಟ್ಟದ ಎರಡನ್ನು ಹೋಲಿಸಿದರೆ ಗಟ್ಟಿ ಮೈಯದ್ದೇ ಬಲವಾದದ್ದು. ಆದರೆ ಅದರ ಸೀಲು ದಾಟಿ ಒಮ್ಮೆ ಕೆಸರುನೀರು ಹೊಕ್ಕರೆ ಹೊರಗೆ ತೆಗೆಯುವ ದಾರಿಯೇ ಇಲ್ಲ.

ಮಲೆನಾಡಿನಲ್ಲಿ ದಿನವೂ ಹಳ್ಳ ದಾಟುವ, ಮಳೆಗಾಲವಿಡೀ ಕೆಸರಿನಲ್ಲೇ ಇರುವ ಗಾಡಿಗೆ ನಿಪ್ಪಲ್ ಇರುವ ಕ್ರಾಸೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಗ್ರೀಸ್ ಗನ್ ಒತ್ತಿದಾಗ ಹೊಸ ಗ್ರೀಸ್ ಒಳಗಿನ ನೀರನ್ನೂ ಮಣ್ಣನ್ನೂ ತಳ್ಳಿಕೊಂಡು ಸೀಲಿನ ಅಂಚಿನಿಂದ ಹೊರಬರುತ್ತದೆ. ನಾಲ್ಕೂ ಕಪ್ಪುಗಳಿಂದ ಶುದ್ಧ ಗ್ರೀಸ್ ಕಾಣುವವರೆಗೆ ಒತ್ತಬೇಕು. ಮೂರರಲ್ಲಿ ಬಂದು ಒಂದರಲ್ಲಿ ಬಾರದಿದ್ದರೆ ಶಾಫ್ಟನ್ನು ಅತ್ತಿತ್ತ ಅಲುಗಿಸಿ ಮತ್ತೆ ಒತ್ತಿ. ಅದೊಂದು ಕಪ್ಪೇ ಮುಂದೆ ಇಡೀ ಕ್ರಾಸಿಗೆ ಯಮನಾಗುತ್ತದೆ. ಎನ್‌ಎಲ್‌ಜಿಐ 2 ದರ್ಜೆಯ, ಅಧಿಕ ಒತ್ತಡ ತಾಳುವ ಲಿಥಿಯಂ ಗ್ರೀಸ್ ಸಾಕು. ಆಳದ ನೀರು ದಾಟಿ ಬಂದ ದಿನವೇ ಒತ್ತಿಸಿ. ಇನ್ನು, ಗ್ರೀಸ್ ಗನ್ ಮುಟ್ಟುವವರೇ ಇಲ್ಲದ, ವಾರಕ್ಕೊಮ್ಮೆ ಒಣರಸ್ತೆಗೆ ಬರುವ ಗಾಡಿಗೆ ಒಳ್ಳೆಯ ತಯಾರಕರ ಸೀಲು ಮಾಡಿದ ಕ್ರಾಸ್ ಹಾಕಿಸಿ. ಗ್ರೀಸ್ ಕಾಣದ ನಿಪ್ಪಲಿಗಿಂತ ನಿಪ್ಪಲಿಲ್ಲದಿರುವುದೇ ಮೇಲು.

ಕಂಪನಿಯ ಪ್ರಶ್ನೆ ಬರುವುದು ಈಗ. ಡಬ್ಬಿಯ ಮೇಲಿನ ಹೆಸರು ನೋಡಿ ಸುಮ್ಮನಾಗದೆ ಕೌಂಟರಿನಲ್ಲೇ ಒಂದು ಕಪ್ಪು ಬಿಚ್ಚಿ ನೋಡಿ. ಕೈಗಳು ಕನ್ನಡಿಯಂತೆ ನುಣುಪಾಗಿರಬೇಕು. ಸೂಜಿಗಳು ಸುತ್ತಲೂ ಒತ್ತೊತ್ತಾಗಿ ತುಂಬಿರಬೇಕು. ಸೀಲಿನ ತುಟಿ ಎಲ್ಲೂ ಹರಿಯದೆ, ಕೈಯ ಬುಡಕ್ಕೆ ಒತ್ತಿ ಕೂರಬೇಕು. ನಾಲ್ಕು ಲಾಕುಗಳೂ ಡಬ್ಬಿಯಲ್ಲೇ ಇರಬೇಕು. ಹೆಸರಾಂತ ಬ್ರಾಂಡುಗಳ ನಕಲಿ ಡಬ್ಬಿಗಳೂ ಇರುವುದರಿಂದ ಬಿಲ್ ಕೊಡುವ ಅಂಗಡಿಯಲ್ಲೇ ಕೊಳ್ಳಿ.

ದೊಡ್ಡದೆಲ್ಲ ಒಳ್ಳೆಯದಲ್ಲ

‘ಒಂದು ಸೈಜ್ ದೊಡ್ಡದು ಹಾಕಿಬಿಡಣ್ಣ, ಮತ್ತೆ ತೊಂದ್ರೆ ಬೇಡ’ ಎನ್ನುವವರಿದ್ದಾರೆ. 1350ಕ್ಕೆ ಹೋಗಬೇಕಾದರೆ ಯೋಕುಗಳೂ ಶಾಫ್ಟೂ ಬದಲಾಗಬೇಕು. ಹೆಚ್ಚು ಟಾರ್ಕಿನ ಡೀಸೆಲ್ ಎಂಜಿನ್ ಕೂರಿಸಿ ದೊಡ್ಡ ಟೈರು ಹಾಕಿದ ಗಾಡಿಗೆ ಅದು ಬೇಕಾಗಬಹುದು. ಉಳಿದವರು ಒಂದನ್ನು ಯೋಚಿಸಬೇಕು. ಕ್ರಾಸ್ ಮುರಿಯದಿದ್ದರೆ ಆ ಏಟು ಮಾಯವಾಗುವುದಿಲ್ಲ, ಮುಂದಿನ ದುರ್ಬಲ ಜಾಗಕ್ಕೆ ಹೋಗುತ್ತದೆ. ಅದು ಕ್ರೌನ್ ಪಿನಿಯನ್ ಇರಬಹುದು, ಆಕ್ಸಲ್ ಇರಬಹುದು, ಟ್ರಾನ್ಸ್‌ಫರ್ ಕೇಸಿನ ಶಾಫ್ಟ್ ಇರಬಹುದು. ಕ್ರಾಸನ್ನು ದಾರಿ ಬದಿಯಲ್ಲೇ ಬದಲಿಸಬಹುದು, ಅವುಗಳನ್ನಲ್ಲ. ಹಳೆಯ ಗಾಡಿಯಲ್ಲಿ ಮೊದಲು ಮುರಿಯುವ ಭಾಗ ಅಗ್ಗದ್ದೂ ಕೈಗೆಟಕುವಂಥದ್ದೂ ಆಗಿರುವುದೇ ಕ್ಷೇಮ.

ಸುತ್ತಿಗೆ ದೂರವಿಡಿ

ಸರಿಯಾದ ಕ್ರಾಸ್ ತಂದು ತಪ್ಪಾಗಿ ಕೂರಿಸಿದರೆ ಆಯ್ಕೆಯ ಶ್ರಮವೆಲ್ಲ ನೀರುಪಾಲು. ಶಾಫ್ಟ್ ಬಿಚ್ಚುವ ಮೊದಲೇ ಯೋಕಿಗೂ ಸ್ಲಿಪ್ ಜಾಯಿಂಟಿಗೂ ಪೇಂಟಿನ ಗುರುತು ಹಾಕಿ. ಸ್ಪ್ಲೈನಿನ ಹಲ್ಲು ತಪ್ಪಿಸಿ ಸೇರಿಸಿದರೆ ಎರಡು ಯೋಕುಗಳ ಸಾಲು ತಪ್ಪುತ್ತದೆ, ನಡುಕ ಶುರುವಾಗುತ್ತದೆ. ಕಪ್ಪುಗಳನ್ನು ಸುತ್ತಿಗೆಯಿಂದ ಬಡಿಯದೆ, ಬೆಂಚ್ ವೈಸಿನಲ್ಲಿ ಎರಡು ಸಾಕೆಟ್ಟುಗಳ ನಡುವೆ ಇಟ್ಟು ಒತ್ತಿ ಕೂರಿಸಿ. ಒಂದು ಸೂಜಿ ಕಪ್ಪಿನ ತಳಕ್ಕೆ ಅಡ್ಡ ಬಿದ್ದರೂ ಕಪ್ಪು ಪೂರ್ತಿ ಇಳಿಯದೆ ಲಾಕು ಕೂರುವುದಿಲ್ಲ. ಆಗ ಬಲ ಹಾಕದೆ ಬಿಚ್ಚಿ ನೋಡಬೇಕು. ಹೌಸಿಂಗಿನ ಕಡೆ ಯು ಬೋಲ್ಟ್ ಇದ್ದರೆ ಕೈಬಲವೆಲ್ಲ ಹಾಕಿ ಬಿಗಿಯಬೇಡಿ. 1310 ಸರಣಿಗೆ ಸ್ಪೈಸರ್ ಹೇಳುವ ಬಿಗಿ ಸುಮಾರು 20 ನ್ಯೂಟನ್ ಮೀಟರ್ ಮಾತ್ರ. ಅದನ್ನು ಮೀರಿದರೆ ಕಪ್ಪು ಅಂಡಾಕಾರವಾಗಿ ಸೂಜಿಗಳು ಹಿಡಿದುಕೊಳ್ಳುತ್ತವೆ. ಎಲ್ಲ ಆದ ಮೇಲೆ ಯೋಕನ್ನು ಕೈಯಲ್ಲಿ ಆಡಿಸಿ: ತುಸು ಬಿಗಿಯಾಗಿ, ಎಲ್ಲೂ ಸಿಕ್ಕದೆ ತಿರುಗಬೇಕು. ಸಿಕ್ಕಿದರೆ ಯೋಕಿನ ಕಿವಿಗೆ ಮೃದುವಾಗಿ ತಟ್ಟಿ ಕಪ್ಪನ್ನು ಲಾಕಿನ ಕಡೆಗೆ ಕೂರಿಸಿ.

ಹ್ಯಾಂಡ್‌ಬ್ರೇಕ್ ಎಲ್ಲಿದೆ ಗೊತ್ತೇ?

ಇದನ್ನೆಲ್ಲ ಇಷ್ಟು ಒತ್ತಿ ಹೇಳಲು ಒಂದು ಕಾರಣವಿದೆ. ಸಿಜೆ 3ಬಿಯಂಥ ವಿಲ್ಲಿಸ್ ವಂಶದ ಹಳೆಯ ಜೀಪುಗಳಲ್ಲಿ ಹ್ಯಾಂಡ್‌ಬ್ರೇಕಿನ ಡ್ರಮ್ಮು ಇರುವುದು ಟ್ರಾನ್ಸ್‌ಫರ್ ಕೇಸಿನ ಹಿಂಬದಿಯಲ್ಲಿ, ಚಕ್ರಗಳಲ್ಲಲ್ಲ. ಅದು ಹಿಡಿಯುವುದು ಶಾಫ್ಟನ್ನು, ಶಾಫ್ಟ್ ಹಿಡಿಯುವುದು ಚಕ್ರವನ್ನು. ಟೂವೀಲ್‌ನಲ್ಲಿ ಇಳಿಜಾರಿನಲ್ಲಿ ನಿಲ್ಲಿಸಿದ ಗಾಡಿಯ ಹಿಂದಿನ ಕ್ರಾಸ್ ತುಂಡಾದರೆ ಹ್ಯಾಂಡ್‌ಬ್ರೇಕ್ ಎಷ್ಟೇ ಎಳೆದಿದ್ದರೂ ಗೇರಿನಲ್ಲೇ ಇದ್ದರೂ ಗಾಡಿ ಉರುಳುತ್ತದೆ. ಹಬ್ ಲಾಕ್ ಮಾಡಿ ಫೋರ್‌ವೀಲ್ ಹಾಕಿದ್ದರೆ ಮುಂದಿನ ಶಾಫ್ಟ್ ಮೂಲಕ ಹಿಡಿತ ಉಳಿಯುತ್ತದೆ. ಹಾಗಾಗಿ ಇಂಥ ಜೀಪನ್ನು ಇಳಿಜಾರಿನಲ್ಲಿ ನಿಲ್ಲಿಸುವಾಗ ಫೋರ್‌ವೀಲ್ ಹಾಕುವುದು, ಚಕ್ರಕ್ಕೆ ಕಲ್ಲು ಕೊಡುವುದು ಎರಡನ್ನೂ ತಪ್ಪಿಸಬೇಡಿ. ದಾರಿಯಲ್ಲಿ ಹಿಂದಿನ ಕ್ರಾಸ್ ಹೋದರೂ ಇದೇ ಉಪಾಯ: ಶಾಫ್ಟ್ ಬಿಚ್ಚಿ ಗಾಡಿಯೊಳಗೆ ಹಾಕಿಕೊಂಡು, ಮುಂದಿನ ಚಕ್ರಗಳ ಬಲದಲ್ಲಿ ನಿಧಾನವಾಗಿ ಊರು ಸೇರಬಹುದು.

ಈ ವಾರ ಬಿಡುವಾದಾಗ ನಿಮ್ಮ ಜೀಪಿನ ಚಕ್ರಗಳಿಗೆ ಕಲ್ಲು ಕೊಟ್ಟು, ಅಡಿಗೆ ಹೋಗಿ, ಶಾಫ್ಟನ್ನು ಎರಡೂ ಕೈಯಲ್ಲಿ ಹಿಡಿದು ತಿರುಚಿ, ಮೇಲೆ ಕೆಳಗೆ ಎತ್ತಿ ನೋಡಿ. ಕಪ್ಪಿನ ಬಳಿ ಚೂರಾದರೂ ಸಡಿಲ ಕಂಡರೆ ಮುಂದಿನ ಏರಿಗೆ ಕಾಯಬೇಡಿ. ಅಳೆದದ್ದನ್ನೆಲ್ಲ, ಮುಂದಿನ ಶಾಫ್ಟಿಗೆ ಇಷ್ಟು, ಹಿಂದಿನದಕ್ಕೆ ಇಷ್ಟು ಎಂದು ಬಾನೆಟ್ಟಿನ ಒಳಮೈಯಲ್ಲಿ ಪೇಂಟಿನಿಂದಲೇ ಬರೆದಿಡಿ. ಅದೇ ಅಳತೆಯ ಒಂದು ಕ್ರಾಸ್, ಲಾಕುಗಳ ಸಮೇತ, ಟೂಲ್ ಬಾಕ್ಸಿನಲ್ಲಿರಲಿ. ಮುಂದೆ ಆ ಗಾಡಿ ಯಾರ ಕೈಗೆ ಹೋದರೂ ಅವರು ಕೌಂಟರಿನಲ್ಲಿ ನಿಂತು ಗಾಡಿಯ ಹೆಸರಿನ ಬದಲು ಎರಡು ಅಳತೆ ಹೇಳುತ್ತಾರೆ. ಸರಿಯಾದ ಕ್ರಾಸನ್ನೇ ತರುತ್ತಾರೆ.